ಕಾರಿನ ಟೈರು ಬದಲಿಸುವ ಮುನ್ನ



ಮನೆಯೊಳಗಿನ ವಸ್ತುಗಳ ಯೋಗಕ್ಷೇಮವನ್ನು ಕುರಿತು ಈ ಅಂಕಣದಲ್ಲಿ ಆಗಾಗ ಬರೆಯುತ್ತ ಬಂದಿದ್ದೇವೆ. ಈ ತಿಂಗಳು ಮನೆಯ ಅಂಗಳದಲ್ಲಿ ನಿಂತ ವಸ್ತುವೊಂದರತ್ತ ತಮ್ಮ ಗಮನವನ್ನು ಸೆಳೆಯಬಯಸುತ್ತೇವೆ. ಒಂದು ಕಾಲಕ್ಕೆ ಊರಿಗೊಂದೋ ಎರಡೋ ಇದ್ದ ಕಾರು ಇಂದು ಸಾಮಾನ್ಯ ಕುಟುಂಬಗಳಿಗೂ ಒದಗಿದೆ. ಮದುವೆ, ಸೀಮಂತ, ಜಾತ್ರೆ, ಆಸ್ಪತ್ರೆ ಎಲ್ಲಕ್ಕೂ ಅದೇ ಆಸರೆ. ಬಣ್ಣ ಮಾಸಿದರೆ ಮರುಗುತ್ತೇವೆ, ಗೀಚಿದರೆ ಕೊರಗುತ್ತೇವೆ. ಆದರೆ ಹಿರಿಯರು, ಮಕ್ಕಳು ಎಲ್ಲರನ್ನೂ ಹೊತ್ತು ಓಡುವ ಆ ವಾಹನ ನೆಲವನ್ನು ಮುಟ್ಟುವುದು ನಾಲ್ಕು ಅಂಗೈಗಳಷ್ಟು ಅಗಲದ ರಬ್ಬರಿನಿಂದ ಮಾತ್ರ ಎಂಬುದನ್ನು ಮರೆಯುತ್ತೇವೆ. ನಾವೂ ಹಾಗೆಯೇ ಮರೆತಿದ್ದೆವು.

2022ರ ಮಳೆಗಾಲ. ಬಂಧುಗಳ ಮನೆಯ ಸೀಮಂತಕ್ಕೆಂದು ಧಾರವಾಡದಿಂದ ಬೆಳಗಾವಿಯ ಕಡೆಗೆ ಹೊರಟಿದ್ದೆವು. ಕಾರಿನಲ್ಲಿ ನಮ್ಮ ವೃದ್ಧ ತಾಯಿಯವರು, ನಮ್ಮ ಮನೆಯವರು, ಐದು ವರ್ಷದ ಮೊಮ್ಮಗಳು. ಕಿತ್ತೂರು ಸಮೀಪಿಸುತ್ತಿದ್ದಂತೆ ಜಿಟಿಜಿಟಿ ಮಳೆಯಲ್ಲಿ ಎಮ್ಮೆಯೊಂದು ರಸ್ತೆಗೆ ಅಡ್ಡ ಬಂದಿತು. ಬ್ರೇಕು ಒತ್ತಿದೆವು. ಕಾರು ನಿಲ್ಲಲಿಲ್ಲ, ಜಾರಿತು, ಅರ್ಧ ಸುತ್ತು ತಿರುಗಿತು, ರಸ್ತೆಯ ಅಂಚಿನ ಕೆಸರಿನಲ್ಲಿ ಹೂತು ನಿಂತಿತು. ಗಟಾರಕ್ಕೂ ಹಿಂದಿನ ಗಾಲಿಗೂ ಒಂದು ಮೊಳದ ಅಂತರ. ಯಾರಿಗೂ ಪೆಟ್ಟಾಗಲಿಲ್ಲ. ಮೊಮ್ಮಗಳು ಮಾತ್ರ ಬಹಳ ಹೊತ್ತು ಮಾತಾಡಲಿಲ್ಲ.

ಮರುದಿನ ಊರಿನ ಮೆಕ್ಯಾನಿಕ್ ಹುಡುಗನಿಗೆ ಟೈರು ತೋರಿಸಿದೆವು. ಕಾರು ಕೊಂಡದ್ದು 2012ರಲ್ಲಿ; ಓಡಿದ್ದು ಕೇವಲ 31 ಸಾವಿರ ಕಿಲೋಮೀಟರು. ಟೈರಿನ ಗೀರುಗಳು ಇನ್ನೂ ಆಳವಾಗಿಯೇ ಇದ್ದವು. ಇಷ್ಟು ಕಡಿಮೆ ಸವೆಸಿದ್ದೇವೆ ಎಂದು ನಮಗೆ ಒಳಗೊಳಗೇ ಹೆಮ್ಮೆ. ಆತ ಟೈರಿನ ಪಕ್ಕವನ್ನು ಉಗುರಿನಿಂದ ಒತ್ತಿ ನೋಡಿ, “ಗೀರು ಅದಾವ್ರಿ ಸರ್, ಟೈರ್ ಉಳಿದಿಲ್ಲ” ಎಂದ. ಪಕ್ಕದಲ್ಲೆಲ್ಲ ಒಣಗಿದ ಕೆರೆಯ ತಳದಂತೆ ಸಣ್ಣ ಬಿರುಕುಗಳು. ರಬ್ಬರು ಕಟ್ಟಿಗೆಯಂತೆ ಗಡುಸಾಗಿತ್ತು.

ಅಂದು ಕಲಿತ ಮೊದಲ ಪಾಠ ಇದು: ಟೈರು ಓಟದಿಂದ ಮಾತ್ರವಲ್ಲ, ಕಾಲದಿಂದಲೂ ಸವೆಯುತ್ತದೆ. ಬಿಸಿಲು, ಗಾಳಿಯಲ್ಲಿನ ಆಮ್ಲಜನಕ ಮತ್ತು ಓಝೋನ್ ರಬ್ಬರನ್ನು ಮೆಲ್ಲಮೆಲ್ಲನೆ ಗಡುಸುಗೊಳಿಸುತ್ತವೆ. ಗಡುಸಾದ ರಬ್ಬರು ಒದ್ದೆ ರಸ್ತೆಯನ್ನು ಹಿಡಿಯಲಾರದು. ಟೈರಿನ ವಯಸ್ಸನ್ನು ಅದರ ಮೈಮೇಲೆಯೇ ಬರೆದಿರುತ್ತಾರೆ. ಪಕ್ಕದಲ್ಲಿ ಡಿ.ಓ.ಟಿ. ಎಂಬ ಅಕ್ಷರಗಳಿಂದ ಆರಂಭವಾಗುವ ಸಾಲಿನ ಕೊನೆಯ ನಾಲ್ಕು ಅಂಕಿಗಳನ್ನು ನೋಡಬೇಕು. ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ಸೂಚಿಸುತ್ತವೆ. ನಮ್ಮ ಟೈರಿನ ಮೇಲೆ 1412 ಎಂದಿತ್ತು. ಅಂದರೆ 2012ನೆಯ ಇಸವಿಯ 14ನೆಯ ವಾರ. ಐದು ವರ್ಷ ಕಳೆದ ಟೈರನ್ನು ವರ್ಷಕ್ಕೊಮ್ಮೆ ಪರೀಕ್ಷಿಸಬೇಕೆಂದೂ, ಹತ್ತು ವರ್ಷವಾದರೆ ಗೀರು ಎಷ್ಟೇ ಇರಲಿ ತೆಗೆದುಹಾಕಬೇಕೆಂದೂ ಅನೇಕ ತಯಾರಕರು ಹೇಳುತ್ತಾರೆ. ಡಿಕ್ಕಿಯಲ್ಲಿ ಮಲಗಿರುವ ಸ್ಟೆಪ್ನಿಗೂ ಈ ಮಾತು ಅನ್ವಯಿಸುತ್ತದೆ.

ಇನ್ನು ಓಟದಿಂದಾಗುವ ಸವೆತ. ಹೊಸ ಟೈರಿನ ಗೀರು ಸುಮಾರು 8 ಮಿಲಿಮೀಟರು ಆಳವಿರುತ್ತದೆ. ಗೀರುಗಳ ನಡುನಡುವೆ 1.6 ಮಿಲಿಮೀಟರು ಎತ್ತರದ ಚಿಕ್ಕ ದಿಬ್ಬಗಳನ್ನು ಇಟ್ಟಿರುತ್ತಾರೆ. ಟೈರಿನ ಮೈ ಸವೆದು ಈ ದಿಬ್ಬಕ್ಕೆ ಸಮನಾಯಿತೆಂದರೆ ಅದರ ಆಯುಷ್ಯ ತೀರಿತೆಂದೇ ತಿಳಿಯತಕ್ಕದ್ದು. ಮಳೆನಾಡಿನವರು ಅಷ್ಟರವರೆಗೂ ಕಾಯದಿರುವುದು ಲೇಸು. ಗಾಲಿಯಡಿಯ ನೀರನ್ನು ಹೊರಹಾಕುವ ಕಾಲುವೆಗಳೇ ಈ ಗೀರುಗಳು. ಅವು ಆಳ ಕಳೆದುಕೊಂಡಾಗ ಗಾಲಿ ನೀರಿನ ಮೇಲೆ ತೇಲತೊಡಗುತ್ತದೆ.

ಸವೆತದ ಬಗೆಯನ್ನೂ ಓದಲು ಕಲಿಯಬೇಕು. ನಡುಭಾಗ ಮಾತ್ರ ಸವೆದಿದ್ದರೆ ಗಾಳಿ ಹೆಚ್ಚಾಗಿದೆ. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆಯಾಗಿದೆ. ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್ ತಪ್ಪಿದೆ. ಕಾರಣವನ್ನು ಸರಿಪಡಿಸದೆ ಹೊಸ ಟೈರು ಹಾಕಿಸಿದರೆ ಹೊಸದೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ.

ಅಂಗಡಿಗೆ ಹೋದಾಗ ಮೂರು ಪ್ರಶ್ನೆಗಳು ಎದುರಾದವು. ಮೊದಲನೆಯದು ಅಳತೆಯದು. ನಮ್ಮ ಟೈರಿನ ಮೇಲೆ 165/80 ಆರ್ 14, 85 ಟಿ ಎಂದಿತ್ತು. 165 ಎಂಬುದು ಟೈರಿನ ಅಗಲ, ಮಿಲಿಮೀಟರುಗಳಲ್ಲಿ. 80 ಎಂದರೆ ಆ ಅಗಲದ ಶೇಕಡಾ 80ರಷ್ಟು, ಅಂದರೆ 132 ಮಿಲಿಮೀಟರು, ಪಕ್ಕದ ಎತ್ತರ. ಆರ್ ಎಂದರೆ ರೇಡಿಯಲ್. 14 ಎಂಬುದು ರಿಮ್ಮಿನ ವ್ಯಾಸ, ಅಂಗುಲಗಳಲ್ಲಿ. 85 ಎಂಬುದು ಭಾರದ ಸಂಕೇತ: ಒಂದು ಟೈರು 515 ಕಿಲೋ ಹೊರಬಲ್ಲದು. ಟಿ ಎಂದರೆ ಗಂಟೆಗೆ 190 ಕಿಲೋಮೀಟರು ವೇಗದ ಮಿತಿ. ಅಷ್ಟು ವೇಗ ನಮಗೆ ಬೇಕಿಲ್ಲ; ಆದರೆ ಕಾರಿನ ತಯಾರಕರು ಸೂಚಿಸಿದ್ದಕ್ಕಿಂತ ಕೆಳಗಿನ ಭಾರ, ವೇಗಗಳ ಟೈರನ್ನು ಎಂದೂ ಒಪ್ಪಬಾರದು.

ಅಂಗಡಿಯವರು, “ಈ ಸೈಜ್ ಈಗ ಇಲ್ರಿ, 175/65 ಹಾಕ್ರಿ, ಅದೂ ಇದಕ ಕೂಡತೈತಿ” ಎಂದರು. ರಿಮ್ಮಿಗೆ ಕೂಡುವುದು ನಿಜ. ಆದರೆ ಲೆಕ್ಕ ಹಾಕಿ ನೋಡಿದೆವು. ಹಳೆಯ ಗಾಲಿಯ ಒಟ್ಟು ವ್ಯಾಸ ಸುಮಾರು 620 ಮಿಲಿಮೀಟರು, ಇದರದು 583. ಕಾರು ನೆಲಕ್ಕೆ 18 ಮಿಲಿಮೀಟರು ಹತ್ತಿರವಾಗುತ್ತದೆ. ಹಳ್ಳಿಯ ರಸ್ತೆಯ ದಿಬ್ಬಗಳು ಹೊಟ್ಟೆಗೆ ತಾಗುತ್ತವೆ. ಹಿಂದೆ ಮುಳ್ಳು 80 ತೋರಿಸುತ್ತಿದ್ದ ವೇಗದಲ್ಲಿ ಈಗ ನಿಜವಾಗಿ ಸಾಗುವುದು 75ರ ಆಸುಪಾಸು. ಚಾಲಕನ ಬಾಗಿಲಿನ ಕಂಬದ ಮೇಲಿನ ಚೀಟಿಯಲ್ಲಿ ಅಥವಾ ಕಾರಿನ ಕೈಪಿಡಿಯಲ್ಲಿ ಇರುವ ಅಳತೆಯನ್ನೇ ಕೇಳುವುದು ಕ್ಷೇಮ.

ಎರಡನೆಯದು ಕಂಪನಿಯ ಪ್ರಶ್ನೆ. ಮೈಸೂರಿನ ವಿಕ್ರಾಂತ್ ಟೈರ್ಸ್ ನಮ್ಮ ಹಿರಿಯ ವಾಚಕರಿಗೆ ನೆನಪಿರಬಹುದು. ಅದು 1997ರಲ್ಲಿ ಜೆ.ಕೆ. ಟೈರ್ ಸಂಸ್ಥೆಯ ಕೈಸೇರಿತು. ಇಂದು ಸ್ವದೇಶಿ, ವಿದೇಶಿ ಹೆಸರುಗಳು ಹತ್ತಾರಿವೆ. ಹೆಸರಿಗಿಂತ ಮೊದಲು ನೋಡಬೇಕಾದುದು ಐ.ಎಸ್.ಐ. ಗುರುತು ಮತ್ತು ತಯಾರಿಕೆಯ ವಾರ. ನಮಗೆ ಮೊದಲು ತೋರಿಸಿದ ಟೈರುಗಳ ಮೇಲೆ 0818 ಎಂದಿತ್ತು. “ಹೊಸಾವೇ ಅದಾವ್ರಿ, ಗೋದಾಮಿನ್ಯಾಗ ಇದ್ದವು” ಎಂಬ ಸಮಾಧಾನ ದೊರೆಯಿತು. ಗೋದಾಮಿನಲ್ಲಿ ನಾಲ್ಕು ವರ್ಷ ಕಳೆದ ಟೈರಿಗೆ ಹೊಸದರ ಬೆಲೆ ತೆರಲು ನಾವು ಒಪ್ಪಲಿಲ್ಲ. ಅಲ್ಲಿ ಬೇಡವೆಂದು ಮತ್ತೊಂದು ಅಂಗಡಿಗೆ ಹೋಗಿ, ಆರು ತಿಂಗಳೊಳಗಿನವನ್ನು ನಮ್ಮ ಅಳತೆಯಲ್ಲೇ ತರಿಸಿಕೊಂಡೆವು. ಅದಕ್ಕೆ ನಾಲ್ಕು ದಿನ ಕಾಯಬೇಕಾಯಿತು, ಅಷ್ಟೆ. ಬೇರೆ ಕಾರಿನಿಂದ ಬಿಚ್ಚಿದ ಟೈರುಗಳನ್ನು ಅಗ್ಗವೆಂದು ಕೊಳ್ಳುವ ಬಂಧುಗಳಿಗೂ ಒಂದು ಮಾತು: ಒಳಗಿನ ತಂತಿ, ದಾರಗಳು ಎಂತಹ ಪೆಟ್ಟು ತಿಂದಿವೆಯೋ ಹೊರಗಿನಿಂದ ಕಾಣುವುದಿಲ್ಲ.

ಮೂರನೆಯದು, ಎರಡೋ ನಾಲ್ಕೋ ಎಂಬುದು. ನಮ್ಮವು ನಾಲ್ಕೂ ಮುದಿಯಾಗಿದ್ದರಿಂದ ನಾಲ್ಕನ್ನೂ ಬದಲಿಸಿದೆವು. ಖರ್ಚು 20 ಸಾವಿರದ ಆಸುಪಾಸು ಬಂದಿತು. ಆ ತಿಂಗಳು ಬೇರೊಂದು ಖರೀದಿಯನ್ನು ಮುಂದೂಡಿದೆವು. ಸಣ್ಣ ಕಾರುಗಳಲ್ಲಿ ಎಂಜಿನ್ನಿನ ಭಾರ, ಎಳೆತ, ತಿರುವು ಎಲ್ಲವೂ ಮುಂದಿನ ಗಾಲಿಗಳ ಮೇಲೆಯೇ ಬೀಳುವುದರಿಂದ ಸಾಮಾನ್ಯವಾಗಿ ಅವೇ ಮೊದಲು ಸವೆಯುತ್ತವೆ. ಹಿಂದಿನ ಜೋಡಿ ಇನ್ನೂ ಗಟ್ಟಿಯಾಗಿದ್ದರೆ ಎರಡನ್ನು ಮಾತ್ರ ಕೊಳ್ಳಬಹುದು. ಆಗ ಹೊಸ ಜೋಡಿಯನ್ನು ಮುಂದೆ ಹಾಕಿಸುವುದೇ ರೂಢಿ. ಆದರೆ ಅದನ್ನು ಹಿಂದೆ ಹಾಕಿಸಿ, ಹಿಂದಿನ ಜೋಡಿಯನ್ನು ಮುಂದಕ್ಕೆ ತರುವುದೇ ಸರಿ. ನೀರಿನಲ್ಲಿ ಮುಂದಿನ ಗಾಲಿ ಜಾರಿದರೆ ಚಾಲಕನಿಗೆ ಸ್ಟೀರಿಂಗ್‌ನಲ್ಲಿ ತಿಳಿಯುತ್ತದೆ, ವೇಗ ಇಳಿಸಬಹುದು. ಹಿಂದಿನದು ಜಾರಿದರೆ ಕಾರೇ ತಿರುಗಿಬಿಡುತ್ತದೆ. ಕಿತ್ತೂರಿನ ಬಳಿ ನಮಗಾದದ್ದು ಅದೇ. ಒಂದೇ ಅಚ್ಚಿನ ಎರಡೂ ಗಾಲಿಗಳಿಗೆ ಒಂದೇ ಅಳತೆಯ, ಒಂದೇ ಬಗೆಯ ಟೈರುಗಳಿರಬೇಕೆಂಬುದನ್ನೂ ಮರೆಯಬಾರದು.

ಹಾಕಿಸುವಾಗ ಗಾಳಿ ತುಂಬುವ ವಾಲ್ವನ್ನೂ ಹೊಸದು ಹಾಕಿಸಿ, ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಮಾಡಿಸಿ. ಮೊದಲ ಇನ್ನೂರು ಮುನ್ನೂರು ಕಿಲೋಮೀಟರು ನಿಧಾನವಾಗಿ ಓಡಿಸಿ. ಹೊಸ ರಬ್ಬರಿನ ಮೇಲ್ಮೈಯ ನುಣುಪು ಸವೆಯುವವರೆಗೆ ಹಿಡಿತ ಪೂರ್ಣವಾಗಿರುವುದಿಲ್ಲ. ತಿಂಗಳಿಗೆ ಎರಡು ಬಾರಿ, ಮುಂಜಾನೆ ಗಾಲಿ ತಣ್ಣಗಿರುವಾಗ ಗಾಳಿ ನೋಡಿಸಿ. ನೈಟ್ರೋಜನ್ ಬೇಕೇ ಎಂದು ಕೇಳುವವರಿದ್ದಾರೆ. ನಾವು ಉಸಿರಾಡುವ ಗಾಳಿಯಲ್ಲಿಯೇ ಶೇಕಡಾ 78ರಷ್ಟು ಅದೇ ಇದೆ. ಯಾವ ಗಾಳಿ ಎಂಬುದಕ್ಕಿಂತ ಎಷ್ಟು ಗಾಳಿ ಎಂಬುದು ಮುಖ್ಯ. 2025ರ ಸೆಪ್ಟೆಂಬರ್ 22ರಿಂದ ಹೊಸ ಟೈರುಗಳ ಮೇಲಿನ ಜಿ.ಎಸ್.ಟಿ. ಶೇಕಡಾ 28ರಿಂದ 18ಕ್ಕೆ ಇಳಿದಿದೆ. ರಸೀದಿಯನ್ನು ಕೇಳಿ ಪಡೆದು ಜೋಪಾನವಾಗಿಡಿ. ನಾಳೆ ವಾರಂಟಿ ಕೇಳುವಾಗ ಅದೇ ಸಾಕ್ಷಿ.

ನಮ್ಮ ತಾಯಿಯವರು ಬಡತನದಲ್ಲಿ ಮನೆ ಕಟ್ಟಿದವರು. ಹರಿದ ಸೀರೆಯನ್ನು ಕೌದಿ ಮಾಡಿ ಹೊದಿಸಿದವರು. ಮಿತವ್ಯಯವನ್ನು ನಾವು ಕಲಿತದ್ದು ಅವರಿಂದಲೇ. ಹಳೆಯ ಟೈರುಗಳ ಸಂಗತಿಯನ್ನು ಹೇಳಲು ನಾಚಿಕೆಯಾಯಿತು, ಆದರೂ ಹೇಳಿದೆವು. ಅವರು ಬೈಯಲಿಲ್ಲ. “ರೊಕ್ಕ ಉಳಸೂದು ಮನಿ ಮಂದಿ ಸಲುವಾಗಿ ಅಲ್ಲೇನಪಾ? ಮಂದೀನ ಉಳೀಲಿಲ್ಲಂದ್ರ ರೊಕ್ಕ ಯಾಕ ಬೇಕು?” ಎಂದಷ್ಟೇ ಕೇಳಿದರು.

ಆ ಪ್ರಶ್ನೆಯನ್ನೇ ತಮ್ಮ ಮುಂದೆ ಇಡುತ್ತಿದ್ದೇವೆ. ಬರುವ ಭಾನುವಾರ ಕಾರು ತೊಳೆಯುವಾಗ ಒಂದು ಕ್ಷಣ ಕುಳಿತು ಐದೂ ಟೈರುಗಳ ಆ ನಾಲ್ಕು ಅಂಕಿಗಳನ್ನು ಓದಿರಿ. ಮನೆಯ ಮಕ್ಕಳನ್ನೂ ಕರೆದು ತೋರಿಸಿರಿ. ಓದಲು ಎರಡು ನಿಮಿಷ ಸಾಕು. ನಾವು ಹತ್ತು ವರ್ಷ ಓದಿರಲಿಲ್ಲ.