ವಿದೇಶಕ್ಕೆ ಕಳಿಸಿದ ಹಣದ ಮೇಲೆ ಹಿಡಿದ ತೆರಿಗೆ: ಮರಳಿ ಕೇಳಲು 2025ರ ಡಿಸೆಂಬರ್ 31ರ ಗಡುವು

ನಮ್ಮ ಗಡಿ ತಾಲೂಕುಗಳಲ್ಲಿ ಕನ್ನಡ ಶಾಲೆಯ ಮಕ್ಕಳ ಓದು ಹತ್ತನೆಯ ತರಗತಿಗೆ ನಿಲ್ಲುವುದಿಲ್ಲ. ಜಹೀರಾಬಾದಿನ ಕಬ್ಬು, ಶುಂಠಿಯಿಂದಲೋ, ನಾರಾಯಣಖೇಡದ ಹತ್ತಿಯಿಂದಲೋ, ತಾಂಡೂರಿನ ತೊಗರಿಯಿಂದಲೋ ಕೂಡಿಟ್ಟ ಹಣದಲ್ಲಿ ಮಕ್ಕಳನ್ನು ಮೊದಲು ಬೀದರ, ಕಲಬುರಗಿ, ಹೈದರಾಬಾದುಗಳಿಗೆ, ಮುಂದೆ ವಿದೇಶದ ಕಾಲೇಜುಗಳಿಗೂ ಕಳಿಸುವ ಪಾಲಕರು ಇಂದು ನಮ್ಮ ನಡುವೆ ಇದ್ದಾರೆ. ಹಾಗೆ ಶುಲ್ಕ ಕಳಿಸುವ ದಿನ ಬ್ಯಾಂಕು ಶುಲ್ಕದ ಮೊತ್ತದ ಮೇಲೆ ಇನ್ನಷ್ಟು ಹಣವನ್ನು ಖಾತೆಯಿಂದ ಹಿಡಿದುಕೊಳ್ಳುತ್ತದೆ. ಅದು ಸರ್ಕಾರಕ್ಕೆ ಸಂದ ತೆರಿಗೆ, ಹೋದದ್ದು ಹೋಯಿತು ಎಂದು ಪಾಲಕರು ಸುಮ್ಮನಾಗುತ್ತಾರೆ. ಹಾಗೆ ಸುಮ್ಮನಾಗಬೇಕಾದ ಕಾರಣವಿಲ್ಲ. ಆ ಹಣ ಬಹುಪಾಲು ಕೃಷಿಕ ಕುಟುಂಬಗಳಿಗೆ ಪೂರ್ತಿಯಾಗಿ ಮರಳಿ ಬರಬೇಕಾದದ್ದು. ಆದರೆ ಕೇಳಿದವರಿಗೆ ಮಾತ್ರ ಬರುತ್ತದೆ. 2024-25ನೇ ಸಾಲಿನಲ್ಲಿ ಹಣ ಕಳಿಸಿದವರು ಕೇಳಲು 2025ರ ಡಿಸೆಂಬರ್ 31 ಕೊನೆಯ ದಿನವಾಗಿತ್ತು.

ಈ ವಸೂಲಿಯ ಹೆಸರು ಮೂಲದಲ್ಲೇ ಸಂಗ್ರಹಿಸುವ ತೆರಿಗೆ, ಅಂದರೆ ಟಿ.ಸಿ.ಎಸ್. ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆಯಡಿ ಭಾರತದ ನಿವಾಸಿಯೊಬ್ಬರು ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್‌ವರೆಗೆ ಹೊರದೇಶಕ್ಕೆ ಕಳಿಸಬಹುದು. ಆ ಹಣದ ಮೇಲೆ ಟಿ.ಸಿ.ಎಸ್. ಜಾರಿಗೆ ಬಂದದ್ದು 2020ರ ಅಕ್ಟೋಬರ್ 1ರಂದು. ವರ್ಷಕ್ಕೆ 7 ಲಕ್ಷ ರೂಪಾಯಿ ಮೀರಿದ ಮೊತ್ತಕ್ಕೆ ಶೇ. 5, ಶಿಕ್ಷಣ ಸಾಲದ ಹಣವಾದರೆ ಶೇ. 0.5 ಎಂಬುದು ಆರಂಭದ ದರ. 2023ರ ಅಕ್ಟೋಬರ್ 1ರಿಂದ ಶಿಕ್ಷಣ ಮತ್ತು ಚಿಕಿತ್ಸೆಯ ದರವನ್ನು ಶೇ. 5ರಲ್ಲೇ ಉಳಿಸಿ, ಇತರ ಉದ್ದೇಶಗಳ ದರವನ್ನು ಶೇ. 20ಕ್ಕೆ ಏರಿಸಲಾಯಿತು. 2025ರ ಏಪ್ರಿಲ್ 1ರಿಂದ ಮಿತಿ 10 ಲಕ್ಷಕ್ಕೆ ಏರಿದೆ. ಬ್ಯಾಂಕು ಮುಂತಾದ ನಿಗದಿತ ಹಣಕಾಸು ಸಂಸ್ಥೆಗಳಿಂದ ಪಡೆದ ಶಿಕ್ಷಣ ಸಾಲದ ಹಣಕ್ಕೆ ಟಿ.ಸಿ.ಎಸ್. ಪೂರ್ತಿ ತೆಗೆಯಲಾಗಿದೆ. ಗಲ್ಫ್ ದೇಶಗಳಿಂದ ಊರಿಗೆ ಬರುವ ಹಣಕ್ಕೂ ಇದಕ್ಕೂ ಸಂಬಂಧವಿಲ್ಲ. ಇದು ಹೊರಹೋಗುವ ಹಣಕ್ಕೆ ಮಾತ್ರ.

ಒಂದು ಲೆಕ್ಕ ಹಾಕಿ ನೋಡೋಣ. 2024-25ರಲ್ಲಿ ರೈತರೊಬ್ಬರು ಮಗಳ ಓದಿಗೆ ಸ್ವಂತ ಉಳಿತಾಯದಿಂದ 18 ಲಕ್ಷ ರೂಪಾಯಿ ಕಳಿಸಿದರು ಎನ್ನೋಣ. 7 ಲಕ್ಷ ಕಳೆದು ಉಳಿದ 11 ಲಕ್ಷಕ್ಕೆ ಶೇ. 5ರಂತೆ 55,000 ರೂಪಾಯಿ ಟಿ.ಸಿ.ಎಸ್. ಆಗುತ್ತದೆ. ಅದೇ ಹಣವನ್ನು ಅರ್ಜಿಯಲ್ಲಿ ಶಿಕ್ಷಣ ಎಂದು ಬರೆಯದೆ ಕುಟುಂಬ ನಿರ್ವಹಣೆ ಎಂದು ಬರೆದಿದ್ದರೆ ಶೇ. 20ರಂತೆ 2,20,000 ರೂಪಾಯಿ. ಒಂದೇ ಒಂದು ಪದದ ವ್ಯತ್ಯಾಸಕ್ಕೆ 1,65,000 ರೂಪಾಯಿ ವರ್ಷಗಟ್ಟಲೆ ಕೈತಪ್ಪಿ ಕೂರುತ್ತದೆ. ಕಾಲೇಜಿನ ಶುಲ್ಕ ಮಾತ್ರವಲ್ಲದೆ, ಓದಿಗಾಗಿ ಹೋಗುವ ಟಿಕೆಟ್ಟು ಮತ್ತು ಓದಿಗೆ ಬೇಕಾದ ದೈನಂದಿನ ಖರ್ಚು ಸಹ ಶಿಕ್ಷಣದ ಉದ್ದೇಶವೇ ಎಂದು ಕೇಂದ್ರ ನೇರ ತೆರಿಗೆ ಮಂಡಳಿ 2023ರ ಜೂನ್ 30ರ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿದೆ. ಬ್ಯಾಂಕಿನ ಅರ್ಜಿಗೆ ಸಹಿ ಹಾಕುವ ಮುನ್ನ ಉದ್ದೇಶದ ಅಂಕಣವನ್ನು ಓದಿಸಿ ಕೇಳುವುದು ಆದ್ದರಿಂದ ಅತ್ಯವಶ್ಯ.

ಈ 55,000 ರೂಪಾಯಿ ವಾಸ್ತವವಾಗಿ ಪಾಲಕರ ಹೆಸರಿನಲ್ಲಿ ಸರ್ಕಾರದ ಬಳಿ ಇರುವ ಮುಂಗಡ ಠೇವಣಿ. ವರ್ಷದ ಕೊನೆಯಲ್ಲಿ ಅವರು ಕೊಡಬೇಕಾದ ಆದಾಯ ತೆರಿಗೆಗೆ ಅದನ್ನು ವಜಾ ಮಾಡಿಕೊಂಡು, ಮಿಕ್ಕದ್ದನ್ನು ಹಿಂದಿರುಗಿಸಬೇಕು. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ. ಬೇರೆ ಆದಾಯ ಇದ್ದರೂ 2024-25ರ ಹೊಸ ಪದ್ಧತಿಯಲ್ಲಿ ತೆರಿಗೆಗೆ ಒಳಪಡುವ ಆದಾಯ 7 ಲಕ್ಷ ದಾಟದ ಸಾಮಾನ್ಯ ಕುಟುಂಬಕ್ಕೆ ರಿಯಾಯಿತಿಯಿಂದಾಗಿ ತೆರಿಗೆ ಬರುವುದಿಲ್ಲ. ಹಾಗಾಗಿ ಪೂರ್ತಿ ಮೊತ್ತ ವಾಪಸಾಗಬೇಕು. ತೊಡಕು ಇರುವುದು ಇಲ್ಲಿಯೇ. ತೆರಿಗೆ ಇಲ್ಲವೆಂಬ ಕಾರಣಕ್ಕೆ ನಮ್ಮ ರೈತರು ಆದಾಯ ವಿವರಪಟ್ಟಿ, ಅಂದರೆ ರಿಟರ್ನ್, ಸಲ್ಲಿಸುವುದಿಲ್ಲ. ರಿಟರ್ನ್ ಇಲ್ಲದೆ ಮರುಪಾವತಿ ಇಲ್ಲ. ಇನ್ನೊಂದು ಮಾತನ್ನೂ ನೆನಪಿಡಬೇಕು. ವರ್ಷದಲ್ಲಿ ಟಿ.ಡಿ.ಎಸ್. ಮತ್ತು ಟಿ.ಸಿ.ಎಸ್. ಸೇರಿ 25,000 ರೂಪಾಯಿ, 60 ದಾಟಿದವರಿಗೆ 50,000 ರೂಪಾಯಿ ಮುಟ್ಟಿದರೆ ರಿಟರ್ನ್ ಸಲ್ಲಿಸುವುದು ನಿಯಮದ ಪ್ರಕಾರ ಕಡ್ಡಾಯ. ಅಂದರೆ ನಮ್ಮ ಲೆಕ್ಕದ ರೈತರಿಗೆ ಅದು ಹಕ್ಕೂ ಹೌದು, ಹೊಣೆಯೂ ಹೌದು.

ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ಮೊದಲು ಬ್ಯಾಂಕಿನಿಂದ ನಮೂನೆ 27ಡಿ ಪ್ರಮಾಣಪತ್ರ ಕೇಳಿ ಪಡೆಯಬೇಕು. ಆದಾಯ ತೆರಿಗೆ ಜಾಲತಾಣದ ನಮೂನೆ 26ಎ.ಎಸ್.ನಲ್ಲಿ ಅದೇ ಮೊತ್ತ ತಮ್ಮ ಪ್ಯಾನ್ ಸಂಖ್ಯೆಗೆ ಜಮೆಯಾಗಿದೆಯೇ ಎಂದು ನೋಡಬೇಕು. ಜಮೆಯಾಗಿರದಿದ್ದರೆ ಸರಿಪಡಿಸಬೇಕಾದದ್ದು ಬ್ಯಾಂಕು. ಹಣ ಯಾರ ಖಾತೆಯಿಂದ ಹೋಯಿತೋ ಮರಳಿ ಕೇಳಬೇಕಾದವರೂ ಸಾಮಾನ್ಯವಾಗಿ ಅವರೇ. ಸೋದರಮಾವನ ಖಾತೆಯಿಂದ ಶುಲ್ಕ ಕಳಿಸಿದ್ದರೆ ರಿಟರ್ನ್ ಸಲ್ಲಿಸಬೇಕಾದವರು ಸೋದರಮಾವ. ಕೃಷಿ ಆದಾಯ 5,000 ರೂಪಾಯಿ ಮೀರಿದವರು ಐ.ಟಿ.ಆರ್.-1 ಬಳಸುವಂತಿಲ್ಲ, ವ್ಯಾಪಾರದ ಆದಾಯ ಇಲ್ಲದವರಿಗೆ ಐ.ಟಿ.ಆರ್.-2 ಸರಿಯಾದ ನಮೂನೆ. ಸುಲಭವೆಂದು ಕೃಷಿ ಆದಾಯವನ್ನು ಮುಚ್ಚಿಟ್ಟು ಮೊದಲ ನಮೂನೆ ತುಂಬಿದರೆ, 18 ಲಕ್ಷ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ನಾಳೆ ಉತ್ತರ ಇರುವುದಿಲ್ಲ. ಭೂಮಿ ಮಾರಿ ಹಣ ಕಳಿಸಿದವರು ಆ ಭೂಮಿ ಪುರಸಭೆಯ ಎಲ್ಲೆಯಿಂದ ಎಷ್ಟು ದೂರವಿದೆ ಎಂಬುದನ್ನು ಲೆಕ್ಕಪರಿಶೋಧಕರಿಗೆ ತಿಳಿಸಬೇಕು. ಪಟ್ಟಣದ ಅಂಚಿನ ಹೊಲಕ್ಕೆ ಬಂಡವಾಳ ಲಾಭದ ತೆರಿಗೆ ಬೀಳಬಹುದು. ರಿಟರ್ನ್ ಸಲ್ಲಿಸಿ 30 ದಿನಗಳೊಳಗೆ ದೃಢೀಕರಿಸದಿದ್ದರೆ ಗಡುವಿನ ಲಾಭ ಕೈತಪ್ಪಬಹುದು. ಸಕಾಲದ ಗಡುವು 2025ರ ಸೆಪ್ಟೆಂಬರ್ 16ಕ್ಕೆ ಮುಗಿದಿರುವುದರಿಂದ ವಿಳಂಬ ಶುಲ್ಕ ಬೀಳಬಹುದು. ಒಟ್ಟು ಆದಾಯ 5 ಲಕ್ಷ ಮೀರದವರಿಗೆ ಅದು 1,000 ರೂಪಾಯಿ ದಾಟುವುದಿಲ್ಲ.

ನಮ್ಮವರಿಗೆ ವಿಶೇಷವಾಗಿ ಅಡ್ಡಬರುವುದು ಹೆಸರು. 1956ರವರೆಗೆ ಜಹೀರಾಬಾದ್, ನಾರಾಯಣಖೇಡ ಬೀದರ ಜಿಲ್ಲೆಯಲ್ಲಿ, ತಾಂಡೂರು ಕಲಬುರಗಿ ಜಿಲ್ಲೆಯಲ್ಲಿ ಇದ್ದವು. ಇಂದು ಮೊದಲಿನ ಎರಡು ಸಂಗಾರೆಡ್ಡಿ ಜಿಲ್ಲೆಗೆ, ತಾಂಡೂರು ವಿಕಾರಾಬಾದ್ ಜಿಲ್ಲೆಗೆ ಸೇರಿವೆ. ಹೀಗೆ ಒಂದೇ ಮನೆಯ ಹೆಸರು ಅಜ್ಜನ ಭೂದಾಖಲೆಯಲ್ಲಿ ಉರ್ದುವಿನಲ್ಲಿ, ಪಟ್ಟೇದಾರ ಪುಸ್ತಕದಲ್ಲಿ ತೆಲುಗಿನಲ್ಲಿ, ಶಾಲೆಯ ಪ್ರಮಾಣಪತ್ರದಲ್ಲಿ ಕನ್ನಡದಲ್ಲಿ, ಪ್ಯಾನ್ ಕಾರ್ಡಿನಲ್ಲಿ ಇಂಗ್ಲಿಷಿನಲ್ಲಿ ಇರುತ್ತದೆ. ತೆಲುಗು ಪದ್ಧತಿಯಲ್ಲಿ ಮನೆತನದ ಹೆಸರು ಮೊದಲು, ನಮ್ಮಲ್ಲಿ ಕೊನೆಗೆ. ಪ್ಯಾನ್, ಆಧಾರ್, ಬ್ಯಾಂಕ್ ಖಾತೆ ಈ ಮೂರರಲ್ಲಿ ಹೆಸರು ಹೊಂದದಿದ್ದರೆ ಖಾತೆಯ ಪೂರ್ವ ದೃಢೀಕರಣ ವಿಫಲವಾಗಿ, ಮಂಜೂರಾದ ಹಣವೂ ಮನೆಗೆ ಬಾರದು. ಈ ತಿದ್ದುಪಡಿಗೆ ದಿನಗಳು ಬೇಕು. ಕೊನೆಯ ವಾರಕ್ಕೆ ಬಿಡಬಾರದು.

ಹಿಂದಿನ ವರ್ಷಗಳ ಹಣವೂ ಮುಳುಗಿಲ್ಲ. ವಿಳಂಬವನ್ನು ಮನ್ನಿಸಿ ಮರುಪಾವತಿ ಕೋರುವ ಅರ್ಜಿಯನ್ನು ತೆರಿಗೆ ನಿರ್ಧಾರಣ ವರ್ಷ ಮುಗಿದ ಮೇಲೆ ಐದು ವರ್ಷಗಳವರೆಗೆ ಸಲ್ಲಿಸಬಹುದೆಂದು ಮಂಡಳಿಯ 2024ರ ಅಕ್ಟೋಬರ್ 1ರ ಸುತ್ತೋಲೆ ಹೇಳುತ್ತದೆ. ಅದರಂತೆ, ಈ ವಸೂಲಿ ಆರಂಭವಾದ 2020-21ನೇ ಸಾಲಿನ ಹಣಕ್ಕೂ 2027ರ ಮಾರ್ಚ್ 31ರವರೆಗೆ ಅವಕಾಶವಿದೆ. ಆದರೆ ಇದು ಅಧಿಕಾರಿಯ ವಿವೇಚನೆಗೆ ಒಳಪಟ್ಟದ್ದು. ನಿಜವಾದ ತೊಂದರೆಯಿಂದ ತಡವಾಯಿತೆಂದು ಮನವರಿಕೆ ಮಾಡಿಕೊಡಬೇಕು. ಸಂವಿಧಾನದ 350ನೇ ವಿಧಿಯು ಒಕ್ಕೂಟದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕುಂದುಕೊರತೆಯ ಮನವಿ ಸಲ್ಲಿಸುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. ಇಂಗ್ಲಿಷ್ ಬಾರದೆಂದು ಕುಂದುಕೊರತೆಯನ್ನು ನುಂಗಿಕೊಳ್ಳಬೇಕಾಗಿಲ್ಲ.

ಈಗ ನೀತಿಯ ಮಾತು. ದೊಡ್ಡ ಮೊತ್ತಗಳ ಜಾಡು ಹಿಡಿಯುವುದಕ್ಕೆ ಈ ವ್ಯವಸ್ಥೆ ಬೇಕೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಹೊರೆ ಯಾರ ಮೇಲೆ ಬಿದ್ದಿದೆ ನೋಡಿ. ದೊಡ್ಡ ತೆರಿಗೆದಾರ ಟಿ.ಸಿ.ಎಸ್.ಅನ್ನು ತನ್ನ ಮುಂಗಡ ತೆರಿಗೆಯಲ್ಲಿ ಕೂಡಲೇ ಹೊಂದಿಸಿಕೊಳ್ಳುತ್ತಾನೆ. ಸಂಬಳದ ಪಾಲಕರು 2024ರ ಅಕ್ಟೋಬರ್‌ನಿಂದ ತಮ್ಮ ಟಿ.ಸಿ.ಎಸ್. ವಿವರವನ್ನು ನಿಗದಿತ ನಮೂನೆಯಲ್ಲಿ ಉದ್ಯೋಗದಾತರಿಗೆ ಕೊಟ್ಟು ಸಂಬಳದ ಕಡಿತ ತಗ್ಗಿಸಿಕೊಳ್ಳಬಹುದು. ಹೊಂದಿಸಲು ತೆರಿಗೆಯೇ ಇಲ್ಲದ ರೈತ ಮಾತ್ರ ಕಾಯಬೇಕು. ಸಕಾಲದಲ್ಲಿ ರಿಟರ್ನ್ ಸಲ್ಲಿಸಿದರೆ ತಿಂಗಳಿಗೆ ಶೇ. 0.5 ಬಡ್ಡಿ ಏಪ್ರಿಲ್‌ನಿಂದ ಸಿಗುತ್ತದೆ. ತಡವಾದರೆ ಸಲ್ಲಿಸಿದ ದಿನದಿಂದ ಮಾತ್ರ. ಊರಿನಲ್ಲಿ ಕೈಸಾಲ ತಂದವರು ಕೊಡುವ ಬಡ್ಡಿಯನ್ನು ಇದಕ್ಕೆ ಹೋಲಿಸಲಾಗದು. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬಂತಾಗಿದೆ.

ಪರಿಹಾರ ಕಾನೂನಿನಲ್ಲೇ ಇದೆ. ತೆರಿಗೆ ಬಾರದವರು ನಿಗದಿತ ಘೋಷಣೆ ಕೊಟ್ಟರೆ ಬ್ಯಾಂಕು ಠೇವಣಿ ಬಡ್ಡಿಯ ಮೇಲೆ ಟಿ.ಡಿ.ಎಸ್. ಹಿಡಿಯುವುದಿಲ್ಲ. ಮಕ್ಕಳ ಶುಲ್ಕ ಕಳಿಸುವಾಗ ಅಂಥ ಘೋಷಣೆಗೆ ಅವಕಾಶವಿಲ್ಲ. ಶಿಕ್ಷಣದ ರವಾನೆಗೂ ಇದನ್ನು ವಿಸ್ತರಿಸಬೇಕೆಂದು ನಮ್ಮ ಸಂಸದರು ಬಜೆಟ್‌ಗೆ ಮುನ್ನ ಹಣಕಾಸು ಸಚಿವಾಲಯದ ಮುಂದೆ ಕೇಳಬೇಕು. ಧ್ವನಿ ಎತ್ತಿದರೆ ಫಲವಿದೆ ಎಂಬುದಕ್ಕೆ ಉದಾಹರಣೆ ದೂರದ್ದಲ್ಲ. ಹೊಸ ಆದಾಯ ತೆರಿಗೆ ಮಸೂದೆಯ ಮೊದಲ ಕರಡಿನಲ್ಲಿ ತಡವಾಗಿ ರಿಟರ್ನ್ ಸಲ್ಲಿಸಿದವರಿಗೆ ಮರುಪಾವತಿಯನ್ನೇ ತಪ್ಪಿಸುವ ಷರತ್ತಿತ್ತು. ಸಂಸತ್ತಿನ ಆಯ್ಕೆ ಸಮಿತಿ ಆಕ್ಷೇಪಿಸಿದ ಮೇಲೆ ಅದನ್ನು ಕೈಬಿಡಲಾಯಿತು. 2025ರ ಆಗಸ್ಟ್‌ನಲ್ಲಿ ಅಂಗೀಕಾರವಾದ ಆ ಕಾಯ್ದೆಯ ಜಾರಿಗೆ ನಿಗದಿಯಾದ ದಿನ 2026ರ ಏಪ್ರಿಲ್ 1.

ಈ ವರ್ಷ ಹಣ ಕಳಿಸುವವರಿಗೆ ಕೊನೆಯದಾಗಿ ಒಂದು ಮಾತು. 10 ಲಕ್ಷದ ಮಿತಿ ಕುಟುಂಬಕ್ಕಲ್ಲ, ಕಳಿಸುವ ಒಬ್ಬೊಬ್ಬ ವ್ಯಕ್ತಿಗೆ. ತಂದೆ, ತಾಯಿ ಇಬ್ಬರಿಗೂ ಸ್ವಂತ ಪ್ಯಾನ್, ಸ್ವಂತ ಖಾತೆ, ಸ್ವಂತ ಹಣ ಇದ್ದರೆ ಇಬ್ಬರೂ ಕಳಿಸಬಹುದು. ಮುಂದಿನ ಪಾಲಕರ ಸಭೆಯಲ್ಲಿ ಈ ವಿಷಯವನ್ನು ಹತ್ತು ನಿಮಿಷ ಚರ್ಚಿಸಬೇಕೆಂದು ಎಲ್ಲ ಕನ್ನಡ ಶಾಲೆಗಳನ್ನು ಕೋರುತ್ತೇವೆ. ಈ ಶಾಲೆಗಳಲ್ಲಿ ಓದಿ ಹೊರದೇಶ ಸೇರಿದ ಮಕ್ಕಳ ಮನೆಗಳಲ್ಲಿ 27ಡಿ ಎಂಬ ಕಾಗದವೊಂದು ಕಪಾಟಿನಲ್ಲಿ ಬಿದ್ದಿರಬಹುದು. ಅದನ್ನು ಹೊರತೆಗೆಯಿರಿ.