ಕಾರಿನ ನಂಬರು ಯಾರ ಸೊತ್ತು?

ಕಾರಿನ ನಂಬರು ಬೀದಿಯಲ್ಲಿ ಎಲ್ಲರಿಗೂ ಕಾಣುವಾಗ, ಅದರ ಚಿತ್ರವನ್ನು ಅಂತರಜಾಲದಲ್ಲಿ ಹಾಕಿದರೆ ಯಾರ ಗಂಟು ಹೋಯಿತು ಎಂದು ವಾದಿಸುವ ಮಹನೀಯರುಂಟು. ಟೊಳ್ಳು ವಾದ. ಬೀದಿಯಲ್ಲಿ ಹೋಗುವವನು ಕಂಡದ್ದನ್ನು ಮರುಗಳಿಗೆ ಮರೆಯುತ್ತಾನೆ. ಜಾಲವಾದರೋ ಊರು, ದಿನ, ಮನೆಬಾಗಿಲು ಸಮೇತ ಕಾಪಾಡಿಕೊಳ್ಳುತ್ತದೆ. ಹರಾಜಿನಲ್ಲಿ ಹಣ ಸುರಿದು ಕೊಂಡ 0001 ಆದರಂತೂ ಸರಿಯೇ. ಯಾರೂ ಮರೆಯಬಾರದೆಂದೇ ಕೊಂಡದ್ದಲ್ಲವೆ?

ನಂಬರಿನ ಹಿಂದೆ ಹೆಸರುಂಟು, ವಿಳಾಸವುಂಟು. 1989ರಲ್ಲಿ ಅಮೆರಿಕದ ನಟಿ ರೆಬೆಕಾ ಶೇಫರ್ ತಮ್ಮ ಮನೆಬಾಗಿಲಲ್ಲೇ ಕೊಲೆಗೀಡಾದರು. ಕೊಲೆಗಾರನಿಗೆ ವಿಳಾಸ ಸಿಕ್ಕಿದ್ದು, ಪತ್ತೇದಾರನೊಬ್ಬನ ಮೂಲಕ, ಕ್ಯಾಲಿಫೋರ್ನಿಯದ ಮೋಟಾರು ವಾಹನ ಇಲಾಖೆಯ ದಾಖಲೆಯಿಂದ. ಅಂಥ ದಾಖಲೆಗಳಿಗೆ ಬೀಗ ಹಾಕುವ ಕಾನೂನು ಅಲ್ಲಿ ಬಂದದ್ದು 1994ರಲ್ಲಿ.

ನಮ್ಮಲ್ಲಿ? ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ, ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟು 2017ರಲ್ಲಿ ಸಾರಿತು. ಆದರೂ 2019ರಲ್ಲಿ ಕೇಂದ್ರ ಸರ್ಕಾರ ವಾಹನಗಳ ದಾಖಲೆಯನ್ನು ಸಗಟಾಗಿ ಮಾರುವ ನೀತಿ ತಂದಿತು. ದುರುಪಯೋಗಕ್ಕೆ ಅಂಜಿ 2020ರಲ್ಲಿ ಕೈಬಿಟ್ಟಿತು.

ಸರ್ಕಾರವೇ ಅಂಜಿದ ಕೆಲಸವನ್ನು ನಾವು ಬಿಟ್ಟಿಯಾಗಿ ಮಾಡುವುದೇಕೆ? ಚಿತ್ರ ಹಾಕುವ ಮುನ್ನ ನಂಬರನ್ನು ಮಸಕುಮಾಡಿರಿ. ಪರರ ಕಾರಾದರಂತೂ ಅದು ಕನಿಷ್ಠ ಮರ್ಯಾದೆ.