ನಿದ್ದೆಗೂ ಒಂದು ಟೈಂಟೇಬಲ್ ಬೇಡವೇ?

‘ನಿನ್ನೆ ಎಷ್ಟಕ್ಕೆ ಮಲಗಿದ್ದು?’ ಸೆಮಿಸ್ಟರ್ ಪರೀಕ್ಷೆಯ ಬೆಳಿಗ್ಗೆ ಹಾಲ್‌ನ ಹೊರಗೆ ನಮ್ಮೊಳಗೆ ಮೊದಲು ಕೇಳಿಬರುವ ಪ್ರಶ್ನೆ ಇದು. ‘ಮೂರು ಗಂಟೆಗೆ’ ಎಂದವನಿಗೆ ಒಂದು ಗತ್ತು. ‘ಮಲಗಲೇ ಇಲ್ಲ ಮಾರಾಯ’ ಎಂದವನಿಗೆ ಇನ್ನೂ ದೊಡ್ಡ ಗತ್ತು. ಹತ್ತೂವರೆಗೆ ಮಲಗಿದೆ ಎಂದು ಯಾರಾದರೂ ಹೇಳಿದರೆ ಅವನು ಒಂದೋ ರ‍್ಯಾಂಕ್ ಬರುವವನು, ಇಲ್ಲವೇ ಆ ಸಬ್ಜೆಕ್ಟಿನ ಆಸೆಯನ್ನೇ ಬಿಟ್ಟವನು. ಮೂಡುಬಿದಿರೆಯ ಹಾಸ್ಟೆಲ್‌ಗಳಲ್ಲಿರುವವರಾಗಲಿ, ಬೆಳ್ತಂಗಡಿ, ಬಂಟ್ವಾಳ ಕಡೆಯಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವವರಾಗಲಿ, ಎಲ್ಲರ ಲೆಕ್ಕವೂ ಒಂದೇ. ನಿದ್ದೆಗೆಟ್ಟಷ್ಟು ಓದಿದಂತೆ.

ಈ ಲೆಕ್ಕ ತಪ್ಪು ಎಂದು ತೋರಿಸುವ ಒಂದು ಅಧ್ಯಯನ 2019ರಲ್ಲಿ ಅಮೆರಿಕದ ಎಂಐಟಿಯಿಂದ ಬಂತು. ಕೆಮಿಸ್ಟ್ರಿ ತರಗತಿಯೊಂದರ ಸುಮಾರು 100 ವಿದ್ಯಾರ್ಥಿಗಳ ಕೈಗೆ ಇಡೀ ಸೆಮಿಸ್ಟರ್ ಫಿಟ್‌ಬಿಟ್ ಕಟ್ಟಿ ಅವರ ನಿದ್ದೆಯನ್ನು ಅಳೆದರು. ಒಬ್ಬರಿಂದ ಒಬ್ಬರಿಗೆ ಅಂಕಗಳಲ್ಲಿ ಇದ್ದ ವ್ಯತ್ಯಾಸದ ಸುಮಾರು ಕಾಲು ಭಾಗ ನಿದ್ದೆಯ ಅವಧಿ, ಗುಣಮಟ್ಟ ಮತ್ತು ಕ್ರಮದೊಂದಿಗೆ ತಾಳೆಯಾಯಿತು. ಆದರೆ ನನಗೆ ಕುತೂಹಲ ಹುಟ್ಟಿಸಿದ್ದು ಬೇರೆ ಸಂಗತಿ. ಪರೀಕ್ಷೆಯ ಹಿಂದಿನ ರಾತ್ರಿಯ ನಿದ್ದೆಗೂ ಅಂಕಕ್ಕೂ ಅಲ್ಲಿ ಸಂಬಂಧ ಸಿಗಲಿಲ್ಲ. ಸಂಬಂಧ ಕಂಡದ್ದು ಅದಕ್ಕಿಂತ ಮೊದಲಿನ ವಾರದ, ತಿಂಗಳ ನಿದ್ದೆಯೊಂದಿಗೆ. ತಾಳೆಯಾಯಿತು ಎಂದ ಮಾತ್ರಕ್ಕೆ ಕಾರಣವೂ ಅದೇ ಎನ್ನಲಾಗದು, ಇದು ನಮ್ಮ ಸ್ಟ್ಯಾಟಿಸ್ಟಿಕ್ಸ್ ಪಾಠದಲ್ಲೇ ಬರುತ್ತದೆ. ಆದರೂ ‘ನಾಳೆ ಪರೀಕ್ಷೆ, ಇವತ್ತು ಬೇಗ ಮಲಗು’ ಎಂಬ ಮನೆಯವರ ಉಪದೇಶ ಒಂದು ತಿಂಗಳು ತಡವಾಗಿ ಬರುತ್ತಿದೆ ಎಂದಂತೂ ಹೇಳಬಹುದು.

ಓದಿದ್ದು ತಲೆಯಲ್ಲಿ ಉಳಿಯುವ ಕೆಲಸದ ದೊಡ್ಡ ಪಾಲು ನಡೆಯುವುದು ನಿದ್ದೆಯಲ್ಲಿ. ಇದು ಹೊಸ ವಿಷಯವೂ ಅಲ್ಲ. 1924ರಲ್ಲೇ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ ಎಂಬ ಇಬ್ಬರು ಇಬ್ಬರೇ ಇಬ್ಬರು ವಿದ್ಯಾರ್ಥಿಗಳಿಗೆ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡಿಸಿದರು. ಕಲಿತ ಮೇಲೆ ನಿದ್ದೆ ಮಾಡಿದಾಗ ನೆನಪಿನಲ್ಲಿ ಉಳಿದದ್ದು, ಅಷ್ಟೇ ಹೊತ್ತು ಎಚ್ಚರವಿದ್ದಾಗ ಉಳಿದದ್ದಕ್ಕಿಂತ ಬಹಳ ಹೆಚ್ಚು. ನಾವೋ ಒಂದೇ ರಾತ್ರಿಯಲ್ಲಿ ಐದು ಮಾಡ್ಯೂಲ್ ನುಂಗಿ, ಬೆಳಿಗ್ಗೆ ಒಂಬತ್ತೂವರೆಗೆ ಹಾಲ್‌ನಲ್ಲಿ ಕಕ್ಕಿ ಬರುತ್ತೇವೆ. ಪಾಸೂ ಆಗುತ್ತೇವೆ, ಇಲ್ಲವೆನ್ನುವುದಿಲ್ಲ. ಮುಂದಿನ ಸೆಮಿಸ್ಟರ್‌ನಲ್ಲಿ ಅದೇ ಟ್ರಾನ್ಸ್‌ಫಾರ್ಮ್ ಬೇರೆ ಸಬ್ಜೆಕ್ಟಿನಲ್ಲಿ ಎದುರಾದಾಗ, ಅಥವಾ ಪ್ಲೇಸ್‌ಮೆಂಟ್ ಸಂದರ್ಶನದಲ್ಲಿ ಎರಡನೇ ವರ್ಷದ ಪ್ರಶ್ನೆ ಕೇಳಿದಾಗ ಬಣ್ಣ ಬಯಲಾಗುತ್ತದೆ.

ಹಾಗಾದರೆ ಮಲಗಬಾರದೇ? ಇಲ್ಲಿ ದೊಡ್ಡವರು ತಕ್ಷಣ ಮೊಬೈಲ್‌ಗೆ ಬೆರಳು ತೋರಿಸುತ್ತಾರೆ. ಮೊಬೈಲ್ ನಿರಪರಾಧಿ ಎಂದು ನಾನು ವಾದಿಸುವುದಿಲ್ಲ, ರೀಲ್ಸ್ ತಿನ್ನುವ ಗಂಟೆಗಳು ಎಲ್ಲರಿಗೂ ಗೊತ್ತು. ಆದರೆ ನಮ್ಮ ಮೂರು ತಾಲೂಕುಗಳ ವಿದ್ಯಾರ್ಥಿಯೊಬ್ಬನ ದಿನವನ್ನು ಒಮ್ಮೆ ಬಿಡಿಸಿ ನೋಡಿ. ನನ್ನ ಸಹಪಾಠಿಯೊಬ್ಬಳ ಮನೆ ಬೆಳ್ತಂಗಡಿ ತಾಲೂಕಿನ ಒಳಹಳ್ಳಿಯಲ್ಲಿ. ಮನೆಯಲ್ಲಿ ರಬ್ಬರ್ ಟ್ಯಾಪಿಂಗ್ ಇರುವುದರಿಂದ ನಸುಕಿನಲ್ಲೇ ಎಲ್ಲರಿಗೂ ಎಚ್ಚರ. ಹಾಲು ಕರೆದು ಡೈರಿಗೆ ಕೊಡುವ ಕೆಲಸ ಬೇರೆ. ಅವಳು ಏಳುವುದು ಐದಕ್ಕೆ. ಆರೂಮುಕ್ಕಾಲಿನ ಬಸ್ಸು ತಪ್ಪಿದರೆ ಮುಂದಿನದು ಎಂಟೂವರೆಗೆ, ಆಗ ಮೊದಲ ಪೀರಿಯಡ್ ಹೋಯಿತೆಂದೇ ಲೆಕ್ಕ. ವಿಟಿಯುವಿನ 85 ಶೇಕಡ ಹಾಜರಾತಿ ಯಾರ ಬಸ್ಸನ್ನೂ ಕಾಯುವುದಿಲ್ಲ. ಗುರುವಾಯನಕೆರೆ, ವೇಣೂರು ದಾಟಿ ಬಂದು, ಸಂಜೆ ಅದೇ ದಾರಿಯಲ್ಲಿ ಮನೆ ಸೇರುವಾಗ ಕತ್ತಲೆ. ಆಮೇಲೆ ಲ್ಯಾಬ್ ರೆಕಾರ್ಡ್, ಅಸೈನ್‌ಮೆಂಟ್. ಮಲಗುವಾಗ ಹನ್ನೊಂದೂವರೆ. ಅವಳಿಗೆ ಸಿಗುವುದು ಐದೂವರೆ ಗಂಟೆ. 18ರಿಂದ 25 ವರ್ಷದವರಿಗೆ ಏಳರಿಂದ ಒಂಬತ್ತು ಗಂಟೆ ನಿದ್ದೆ ಬೇಕು ಎನ್ನುವುದು ತಜ್ಞರ ಸಲಹೆ. ಇದರಲ್ಲಿ ಇನ್‌ಸ್ಟಾಗ್ರಾಂ ಎಲ್ಲಿ ಬಂತು?

ಹಾಸ್ಟೆಲ್‌ನವರ ಕಥೆ ಬೇರೆ. ಬಸ್ಸಿಲ್ಲ, ಹಟ್ಟಿಯಿಲ್ಲ. ಆದರೆ ಸ್ಟಡಿ ಅವರ್ ಮುಗಿದ ಮೇಲೆಯೇ ಅಲ್ಲಿ ನಿಜವಾದ ದಿನ ಶುರುವಾಗುವುದು. ನಾಲ್ವರ ರೂಮಿನಲ್ಲಿ ಒಬ್ಬನಿಗೆ ಮರುದಿನ ಇಂಟರ್ನಲ್ಸ್ ಇದ್ದರೆ ನಾಲ್ವರಿಗೂ ಲೈಟು. ಇನ್ನು ಆನ್‌ಲೈನ್ ಅಸೈನ್‌ಮೆಂಟ್‌ಗಳ ಗಡುವು ಯಾವಾಗಲೂ ರಾತ್ರಿ 11.59! ಈ ಸಮಯವನ್ನು ಯಾವ ಪುಣ್ಯಾತ್ಮ ಕಂಡುಹಿಡಿದನೋ. ಯಾವ ಉಪನ್ಯಾಸಕರೂ ಹನ್ನೆರಡಕ್ಕೆ ಕೂತು ಅದನ್ನು ತಿದ್ದುವುದಿಲ್ಲ. ಸಂಜೆ ಆರಕ್ಕೆ ಗಡುವು ಇಟ್ಟರೆ ನಾವು ಮಧ್ಯಾಹ್ನ ಬರೆಯುತ್ತೇವೆ, 11.59ಕ್ಕೆ ಇಟ್ಟರೆ ಹನ್ನೊಂದಕ್ಕೆ. ಅದಕ್ಕೆ ಜೊತೆಯಾಗಿ ಹತ್ತು ಗಂಟೆಗೊಂದು ಸ್ಟ್ರಾಂಗ್ ಕಾಫಿ. ಕೆಫೀನ್‌ನ ಅರ್ಧ ಭಾಗ ದೇಹದಿಂದ ಇಳಿಯಲು ಸುಮಾರು ಐದು ಗಂಟೆ ಬೇಕು. ಹತ್ತಕ್ಕೆ ಕುಡಿದದ್ದರ ಅರ್ಧ ಮೂರು ಗಂಟೆಗೂ ನಮ್ಮೊಳಗೆ ಕೆಲಸ ಮಾಡುತ್ತಿರುತ್ತದೆ.

ಜೊತೆಗೆ ವಯಸ್ಸಿನ ಕಿತಾಪತಿಯೂ ಉಂಟು. ಹದಿಹರೆಯದಲ್ಲಿ ದೇಹದ ಗಡಿಯಾರ ಹಿಂದಕ್ಕೆ ಸರಿಯುತ್ತದೆ, ನಿದ್ದೆ ತಡವಾಗಿ ಹತ್ತುತ್ತದೆ. ಯುರೋಪಿನಲ್ಲಿ ಸಾವಿರಾರು ಜನರ ಮಾಹಿತಿ ಕಲೆಹಾಕಿ 2004ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಈ ಸರಿತ ತುತ್ತತುದಿ ಮುಟ್ಟುವುದು ಸುಮಾರು 20ರ ವಯಸ್ಸಿನಲ್ಲಿ. ನನಗೀಗ ಸರಿಯಾಗಿ 20. ಬೆಳಿಗ್ಗೆ ಏಳಲಾಗದ್ದಕ್ಕೆ ಅಮ್ಮನ ಮುಂದೆ ಈ ಅಧ್ಯಯನ ಹಿಡಿದು ನೋಡಿದ್ದೇನೆ, ಪ್ರಯೋಜನವಾಗಲಿಲ್ಲ.

ಕೆಲವು ಸರ್ಕಾರಗಳಿಗೆ ಪ್ರಯೋಜನವಾಗಿದೆ. ಕ್ಯಾಲಿಫೋರ್ನಿಯಾದಲ್ಲಿ ಹೈಸ್ಕೂಲುಗಳು ಬೆಳಿಗ್ಗೆ 8.30ಕ್ಕೆ ಮೊದಲು ಶುರುವಾಗಬಾರದು ಎಂಬ ಕಾನೂನು 2022ರಿಂದ ಜಾರಿಯಲ್ಲಿದೆ. ಮಹಾರಾಷ್ಟ್ರ ಸರ್ಕಾರ 2024ರಲ್ಲಿ ನಾಲ್ಕನೇ ತರಗತಿವರೆಗಿನ ಶಾಲೆಗಳು ಒಂಬತ್ತರ ನಂತರವೇ ಆರಂಭವಾಗಬೇಕು ಎಂದಿತು, ಕೊಟ್ಟ ಕಾರಣ ಮಕ್ಕಳ ನಿದ್ದೆ. ನಮ್ಮ ರಾಜ್ಯದಲ್ಲೂ 2023ರಲ್ಲಿ ಬೆಂಗಳೂರಿನ ಶಾಲೆಗಳ ಸಮಯದ ಚರ್ಚೆ ಎದ್ದಿತ್ತು. ಆದರೆ ಅದು ಎದ್ದದ್ದು ಟ್ರಾಫಿಕ್ ಜಾಮ್‌ಗಾಗಿ!

‘ನಾವು ಬೆಳಗಿನವರೆಗೆ ಆಟ ನೋಡಿ ನೇರ ಗದ್ದೆಗೆ ಹೋಗುತ್ತಿದ್ದೆವು, ನಿಮಗೇನು ಬಂತು ಧಾಡಿ’ ಎಂದು ನಮ್ಮ ಅಜ್ಜಂದಿರು ಕೇಳುವುದುಂಟು. ಕರಾವಳಿ ರಾತ್ರಿಯ ನಾಡು, ನಿಜ. ದೀಪಾವಳಿಯಿಂದ ಪತ್ತನಾಜೆಯವರೆಗೆ ಯಕ್ಷಗಾನ, ನೇಮ, ಕಂಬಳ. ಆದರೆ ಅಜ್ಜ ಆಟಕ್ಕೆ ಹೋಗುತ್ತಿದ್ದದ್ದು ವರ್ಷಕ್ಕೆ ನಾಲ್ಕೈದು ಸಲ. ಮರುದಿನ ಮಧ್ಯಾಹ್ನ ಗಂಜಿ ಉಂಡು ಜಗಲಿಯಲ್ಲಿ ಉರುಳಿಕೊಂಡರೆ ಅವರ ಹಾಜರಾತಿ ಕತ್ತರಿಸುವವರು ಯಾರೂ ಇರಲಿಲ್ಲ. ಪ್ರೇಕ್ಷಕರ ಬೆಳಗಿನ ಕೆಲಸ ಬದಲಾದಂತೆ ಧರ್ಮಸ್ಥಳ ಮೇಳವೂ ಕಾಲಮಿತಿ ಪ್ರದರ್ಶನಕ್ಕೆ ಬಂತು. ನೂರಾರು ವರ್ಷದ ಕಲೆಯೊಂದು ತನ್ನ ವೇಳೆ ಬದಲಿಸಿಕೊಳ್ಳಬಹುದಾದರೆ ಕಾಲೇಜಿನ ಟೈಂಟೇಬಲ್ ಬದಲಾಗಬಾರದೆಂದೇನೂ ಇಲ್ಲ.

ನನಗೆ ಅಂಕಗಳಿಗಿಂತ ಹೆಚ್ಚು ಹೆದರಿಕೆ ರಸ್ತೆಯದ್ದು. ಮದುವೆ ಸೀಸನ್ನಿನಲ್ಲಿ ನಮ್ಮ ಹುಡುಗರಲ್ಲಿ ಅನೇಕರು ಕೇಟರಿಂಗ್‌ಗೆ ಬಡಿಸಲು ಹೋಗುತ್ತಾರೆ. ಫೀಸಿಗೆ, ಬಸ್ ಚಾರ್ಜಿಗೆ, ಕೆಲವರಿಗೆ ಮನೆಗೂ ಆ ದುಡ್ಡು ಬೇಕು. ಮೆಹಂದಿಯ ಊಟ ಮುಗಿದು ಪಾತ್ರೆ ತುಂಬಿಸುವಾಗ ಹನ್ನೊಂದು, ಹನ್ನೆರಡು. ನಂತರ ಬೈಕಿನಲ್ಲಿ ಸಿದ್ದಕಟ್ಟೆಯ ತಿರುವುಗಳಲ್ಲೋ, ಪುಂಜಾಲಕಟ್ಟೆ ರಸ್ತೆಯಲ್ಲೋ ಮನೆಗೆ. ಆಸ್ಟ್ರೇಲಿಯಾದ ಸಂಶೋಧಕರು 2000ನೇ ಇಸವಿಯಲ್ಲಿ ಪ್ರಕಟಿಸಿದ ಫಲಿತಾಂಶದಂತೆ 17ರಿಂದ 19 ಗಂಟೆ ನಿದ್ದೆಯಿಲ್ಲದೆ ಇದ್ದವರ ಕೆಲವು ಪರೀಕ್ಷೆಗಳ ಸಾಧನೆ, ರಕ್ತದಲ್ಲಿ 100 ಮಿಲಿಲೀಟರ್‌ಗೆ 50 ಮಿಲಿಗ್ರಾಂ ಮದ್ಯಸಾರ ಇದ್ದವರಷ್ಟೇ ಅಥವಾ ಅದಕ್ಕಿಂತಲೂ ಕಳಪೆ. ನಮ್ಮ ದೇಶದ ಮೋಟಾರು ವಾಹನ ಕಾಯ್ದೆಯ ಮಿತಿ 30 ಮಿಲಿಗ್ರಾಂ. ಬೆಳಿಗ್ಗೆ ಐದೂವರೆಗೆ ಎದ್ದವನಿಗೆ ರಾತ್ರಿ ಹತ್ತೂವರೆಗೇ 17 ಗಂಟೆ ತುಂಬುತ್ತದೆ. ಒಂದು ತೊಟ್ಟೂ ಕುಡಿಯದ ಹುಡುಗ ಪೊಲೀಸರ ಮೆಷಿನ್‌ಗೆ ಊದಿ, ಪಾಸಾಗಿ, ತೂಕಡಿಸುತ್ತಾ ಮುಂದೆ ಹೋಗುತ್ತಾನೆ.

ಕೆಲಸ ಸಿಕ್ಕಿದ ಮೇಲೆ ಎಲ್ಲ ಸರಿಯಾಗುತ್ತದೆ ಎಂದುಕೊಂಡರೆ, ಅಲ್ಲಿ ಕಾಯುತ್ತಿರುವವರ ಮಾತು ಕೇಳಿ. 2023ರಲ್ಲಿ ನಾರಾಯಣಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. 2025ರ ಆರಂಭದಲ್ಲಿ ಎಲ್ ಅಂಡ್ ಟಿ ಅಧ್ಯಕ್ಷರ 90 ಗಂಟೆಯ ಮಾತು ಸುದ್ದಿಯಾಯಿತು. ವಾರಕ್ಕೆ ಇರುವುದೇ 168 ಗಂಟೆ. 90 ಕಳೆದು, ದಿನಕ್ಕೆ ಎಂಟರಂತೆ ನಿದ್ದೆಯ 56 ಕಳೆದರೆ ಉಳಿಯುವುದು 22. ಸ್ನಾನ, ಊಟ, ಪ್ರಯಾಣ, ಅಪ್ಪ ಅಮ್ಮನಿಗೊಂದು ಫೋನು, ಎಲ್ಲ ದಿನಕ್ಕೆ ಮೂರು ಗಂಟೆಯೊಳಗೆ. ಸಾಕಾಗದಾಗ ಮೊದಲು ಕತ್ತರಿ ಬೀಳುವುದು ಆ 56ಕ್ಕೇ. ಮೂರು ಗಂಟೆಗೆ ಮಲಗುವ ಗತ್ತನ್ನು ಕಾಲೇಜಿನಲ್ಲೇ ಕಲಿತು ಹೋದವನು ಅಲ್ಲಿ ಬೇಡ ಎನ್ನುವುದು ಕಷ್ಟ.

ಬೈಕಿನವರಿಗೆ ನಾವು ಗೆಳೆಯರೇ ಹೇಳಬಹುದು, ಕೇಟರಿಂಗ್ ಮುಗಿಸಿ ತಡವಾದ ದಿನ ಹತ್ತಿರದ ರೂಮಿನಲ್ಲಿ ಉಳಿದುಕೋ ಎಂದು. 11.59ರ ಗಡುವನ್ನು ಆರು ಗಂಟೆಗೆ ಇಳಿಸುವುದಕ್ಕೆ ಕಾಲೇಜಿಗೆ ಒಂದು ರೂಪಾಯಿ ಖರ್ಚಿಲ್ಲ. ತರಗತಿ ಪ್ರತಿನಿಧಿಗಳು ಕೇಳಿದರೆ ಒಪ್ಪುವ ಉಪನ್ಯಾಸಕರು ಖಂಡಿತ ಇದ್ದಾರೆ. ಇಂಟರ್ನಲ್ಸ್ ಅನ್ನು ಮೊದಲ ಪೀರಿಯಡ್ ಬಿಟ್ಟು ಹನ್ನೊಂದಕ್ಕೆ ಇಡಬಹುದು. ಬಸ್ಸಿನದ್ದು ಮಾತ್ರ ಒಂದು ಕಾಲೇಜಿನ ಕೈಯಲ್ಲಿಲ್ಲ. ಆ ಸಹಪಾಠಿಯ ಊರಿನಿಂದ ಆರೂಮುಕ್ಕಾಲು ಮತ್ತು ಎಂಟೂವರೆಯ ನಡುವೆ, ಏಳೂವರೆಗೆ ಒಂದು ಟ್ರಿಪ್ ಬೇಕೆಂದು ಅಲ್ಲಿನ ವಿದ್ಯಾರ್ಥಿಗಳು ಸಹಿ ಸಂಗ್ರಹಿಸುತ್ತಿದ್ದಾರೆ. ಕಳೆದ ವಾರಕ್ಕೆ 43 ಸಹಿ ಆಗಿತ್ತು.